ರಾಮಧಾನ್ಯದ ರಾಗಿ, ಕರುಳಿನ ರಾಗಿ

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಈಗೀಗ ಆರೋಗ್ಯದ ಪಠ್ಯವಾಗಿ ಓದುವವರಿದ್ದಾರೆ. ಈ ಓದಿಗೆ ನನ್ನದೊಂದು ತಕರಾರಿದೆ. ಕಾವ್ಯದಲ್ಲಿ ರಾಮ ನರೆದಲೆಗ, ವ್ರೀಹಿ ಎರಡನ್ನೂ 6 ತಿಂಗಳು ಸೆರೆಯಲ್ಲಿಡಿಸ್ತಾನೆ; ಭತ್ತ ಕಂದುತ್ತೆ, ರಾಗಿ ಉಳಿಯುತ್ತೆ. ಅಲ್ಲಿ ಪರೀಕ್ಷೆ ಆಗೋದು ಬಾಳಿಕೆ, ಜೀರ್ಣ ಅಲ್ಲ. ಬರಗಾಲದಲ್ಲಿ ಬಡವರನ್ನು ಕಾಯುವ ಗುಣವೇ ರಾಗಿಯ ಗೆಲುವು.

ವಿಜ್ಞಾನ ಹೇಳೋದು ಬೇರೆ. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3ರ ಒಳಗೆ. ಸಣ್ಣಕರುಳಲ್ಲಿ ಜೀರ್ಣವಾಗದ ಈ ನಾರಿನ ಒಂದು ಪಾಲನ್ನು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್‌ನಂಥ ಕೊಬ್ಬಿನಾಮ್ಲ ಮಾಡ್ತವೆ. ದೊಡ್ಡಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಇಂಧನ. ಹಾಗಂತ ಮುದ್ದೆಯೇ ಸಕ್ಕರೆ ಕಾಯಿಲೆಗೆ ಮದ್ದಲ್ಲ: ನುಣ್ಣಗೆ ಬೀಸಿದ ಹಿಟ್ಟಿನ ಪಿಷ್ಟ ಬೇಗ ಗ್ಲೂಕೋಸ್ ಆಗುತ್ತೆ. ಜೊತೆಗಿನ ಅವರೆಕಾಳು, ಸೊಪ್ಪಿನ ಬಸ್ಸಾರೂ ಲೆಕ್ಕಕ್ಕೆ ಬರಬೇಕು.

ನಮ್ಮ ಹೊಸೂರು ಸೀಮೆಯಲ್ಲಿ ರೇಷನ್ ಅಕ್ಕಿ ಪುಕ್ಕಟೆ. ಹೊಲ ಇಲ್ಲದವರು ರಾಗಿಯನ್ನ ಕೊಂಡೇ ತಿನ್ನಬೇಕು. ಆರೋಗ್ಯದ ಓದು ಇದನ್ನು ಮರೆಸುತ್ತೆ, ಕೂಲಿಯವರ ಊಟವನ್ನು ಉಳ್ಳವರ ಪಥ್ಯ ಮಾಡುತ್ತೆ. ಯಾರ ಧಾನ್ಯಕ್ಕೆ ಮರ್ಯಾದೆ ಅನ್ನೋದು ಕನಕರ ಪ್ರಶ್ನೆ. ನಾರಿನ ಅಂಕಿ ಅದಕ್ಕೆ ಉತ್ತರ ಆಗೋದಿಲ್ಲ.