ಲುವಾರ್ ದಂಡೆಯ ಸೈಕಲ್ ಹಾದಿ

ಫ್ರಾನ್ಸಿನ ಲುವಾರ್ ನದಿಯ ಜೊತೆಗೇ ಸಾಗುವ ‘ಲುವಾರ್ ಆ ವೆಲೊ’ ಸುಮಾರು 900 ಕಿ.ಮೀ. ಉದ್ದದ ಸೈಕಲ್ ಹಾದಿ. ನೆವೇರ್ ಬಳಿಯಿಂದ ಅಟ್ಲಾಂಟಿಕ್ ಕಡಲಿನವರೆಗೆ ಬಹುಪಾಲು ಸಮತಟ್ಟು, ಏದುಸಿರು ಬಿಡಬೇಕಿಲ್ಲ. ಪ್ರವಾಹ ತಡೆಯಲು ಹಿಂದಿನವರು ಕಟ್ಟಿದ ಏರಿಗಳ ಮೇಲೆಯೇ ಎಷ್ಟೋ ಕಡೆ ಸವಾರಿ. ಒಂದು ಪಕ್ಕ ಮರಳದಿಬ್ಬಗಳ ನಡುವೆ ಕವಲೊಡೆದು ಹರಿಯುವ ನೀರು, ಇನ್ನೊಂದು ಪಕ್ಕ ಹೊಲ, ದ್ರಾಕ್ಷಿತೋಟ. ಈ ಏರಿಯ ಓಟವೇ ನನಗೆ ಈ ಹಾದಿಯ ಅರಮನೆಗಳಿಗಿಂತ ಹೆಚ್ಚು ಪ್ರಿಯ.

ಆದರೂ ಶಾಂಬೋರ್ ಅರಮನೆಯನ್ನು ಬಿಡುವಂತಿಲ್ಲ. 1519ರಲ್ಲಿ ಅದರ ಕೆಲಸ ಶುರುವಾಯಿತು. ಅದೇ ವರ್ಷ ಲಿಯೊನಾರ್ಡೊ ಡ ವಿಂಚಿ ಇದೇ ಲುವಾರ್ ದಂಡೆಯ ಅಂಬ್ವಾಸ್‌ನಲ್ಲಿ ತೀರಿಕೊಂಡ. ಶಾಂಬೋರಿನ ಜೋಡಿ ಸುರುಳಿ ಮೆಟ್ಟಿಲುಗಳ ಕಲ್ಪನೆ ಅವನದೇ ಎನ್ನುವವರುಂಟು. ಕಾರಿನವರಿಗೆ ಥಟ್ಟನೆ ಎದುರಾಗುವ ಆ ಅರಮನೆಯ ಗೋಪುರಗಳು ಪೆಡಲ್ ತುಳಿಯುವವರಿಗೆ ಮರಗಳಾಚೆಯಿಂದ ನಿಧಾನವಾಗಿ ಮೇಲೇಳುತ್ತವೆ. ಕಾಲು ಸೋತರೆ, ಸೈಕಲ್ ಸಮೇತ ಹತ್ತಲು ರೈಲುಗಳೂ ಇವೆ.