ಕೊಂದವನಿಗಿಂತ ಮೊದಲು ಸತ್ತವರನ್ನು ನೋಡಿ

ಪತ್ತೇದಾರಿ ಕತೆಗೆ ಹೊಸಬರಾದವರು ಮೊದಲ ಪುಟದಲ್ಲೇ ಕೊಲೆಗಾರನ ಬೆನ್ನು ಹತ್ತುತ್ತಾರೆ. ಬಂಗಾಳಿ ಲೇಖಕ ಶರದಿಂದು ಬಂದ್ಯೋಪಾಧ್ಯಾಯರ ಪತ್ತೇದಾರ ಬ್ಯೋಮಕೇಶ್ ಬಕ್ಷಿಯ ಕತೆಗಳನ್ನು ಓದುವಾಗ ಆ ಅವಸರ ಬೇಡ. ಸತ್ತವರು ಯಾರು, ಅವರ ಸಾವು ಕಲಕತ್ತೆಯನ್ನು ಎಷ್ಟು ಕಲಕಿತು ಎಂಬುದರ ಮೇಲೆ ಕಣ್ಣಿಡಿ.

1932ರ ‘ಪಥೇರ್ ಕಾಂಟಾ’ದಿಂದ ಶುರುಮಾಡಿ. ಹಾಡುಹಗಲೇ ರಸ್ತೆ ದಾಟುತ್ತಿದ್ದವರು ಇದ್ದಕ್ಕಿದ್ದಂತೆ ಕುಸಿದು ಬೀಳುತ್ತಾರೆ. ಗುಂಡಿನ ಸದ್ದಿಲ್ಲ, ಎದೆಯೊಳಗೆ ಒಂದು ಗ್ರಾಮಫೋನ್ ಪಿನ್ನು. ಸತ್ತವರು ಉಳ್ಳವರು, ಹಾಗಾಗಿ ಪತ್ರಿಕೆಗಳ ತುಂಬ ಅದೇ ಗದ್ದಲ. ಬ್ಯೋಮಕೇಶನ ಆಸಕ್ತಿಯೆಲ್ಲ ಜಾಹೀರಾತಿನ ಪುಟದಲ್ಲಿ. ದಾರಿಯ ಮುಳ್ಳು ತೆಗೆಸಬೇಕೆನ್ನುವವರು ಶನಿವಾರ ಸಂಜೆ ಇಂಥ ಅಂಗಡಿಯ ಮೂಲೆಯಲ್ಲಿ ದೀಪದ ಕಂಬಕ್ಕೆ ಕೈಯಿಟ್ಟು ನಿಲ್ಲಬೇಕು ಎನ್ನುತ್ತದೆ ಒಂದು ಪುಟ್ಟ ಪ್ರಕಟಣೆ. ಇಲ್ಲಿ ನಿಧಾನಿಸಿ. ಹೆಸರಿಲ್ಲ, ವಿಳಾಸವಿಲ್ಲ, ದರವಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ಈ ವ್ಯವಹಾರ ಒಂದು ವಾರವೂ ನಡೆಯದು. ಮುಖ ನೋಡದೆ ಸಾವನ್ನು ಕೊಂಡು ಮಾರಲು ಮಹಾನಗರವೇ ಬೇಕು.

‘ಸತ್ಯಾನ್ವೇಷಿ’ ಇದೇ ಗುಟ್ಟನ್ನು ಒಂದು ಮೆಸ್ಸಿನೊಳಗೆ ತರುತ್ತದೆ. ಬಡಾವಣೆಯಲ್ಲಿ ಕೊಲೆಯ ಮೇಲೆ ಕೊಲೆ. ಒಂದೇ ಸೂರಿನಡಿ ಊಟ ಮಾಡುವವರಿಗೆ ಪಕ್ಕದ ಕೋಣೆಯವನ ಪೂರ್ವಾಪರ ಗೊತ್ತಿಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು 1967ರ ‘ಶಜಾರುರ್ ಕಾಂಟಾ’. ಮುಳ್ಳುಹಂದಿಯ ಮುಳ್ಳಿನಿಂದ ಇರಿತ. ಮೊದಲು ಭಿಕ್ಷುಕ, ಆಮೇಲೆ ಕೂಲಿಯವನು, ಆಮೇಲೆ ಅಂಗಡಿಯವನು. ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬೀದಿಯಲ್ಲಿ ಮಲಗುವವನು ಸತ್ತರೆ ಊರಿಗೆ ನಿದ್ದೆ ಕೆಡುವುದಿಲ್ಲ ಎಂಬುದು ಕೊಲೆಗಾರನಿಗೂ ಗೊತ್ತು. ಶರದಿಂದು ಭಾಷಣ ಮಾಡುವುದಿಲ್ಲ, ಹೆಣಗಳನ್ನು ಆ ಕ್ರಮದಲ್ಲಿ ಇಟ್ಟು ಸುಮ್ಮನಾಗುತ್ತಾರೆ. ಆಮೇಲೆ ಕತೆ ಹೊಸದಾಗಿ ಮದುವೆಯಾದ ದೀಪಾ, ದೇಬಾಶಿಸರ ಮನೆಗೆ ಹೊರಳಿ ಅಲ್ಲೇ ನಿಂತುಬಿಡುತ್ತದೆ. ಕೊಲೆಯ ವಿಷಯ ಎಲ್ಲಿ ಹೋಯಿತೆಂದು ಪುಟ ಹಾರಿಸಬೇಡಿ. ಗಂಡಹೆಂಡಿರ ನಡುವಿನ ಆ ಮೌನವನ್ನು ಅಷ್ಟೇ ಗಮನವಿಟ್ಟು ಓದಿದವರಿಗೆ ಮಾತ್ರ ಬೀದಿಯ ಕೊಲೆಗಳ ಅರ್ಥ ಹೊಳೆಯುತ್ತದೆ.

ಈ ಕತೆಗಳನ್ನು ಆಧರಿಸಿ ಬಸು ಚಟರ್ಜಿ ನಿರ್ದೇಶಿಸಿದ 1993ರ ದೂರದರ್ಶನ ಧಾರಾವಾಹಿ ಚೆನ್ನಾಗಿದೆ, ರಜಿತ್ ಕಪೂರ್ ಬ್ಯೋಮಕೇಶನ ಪಾತ್ರಕ್ಕೆ ಹೇಳಿ ಮಾಡಿಸಿದಂತಿದ್ದಾರೆ. ಆದರೂ ಮೊದಲು ಓದಿ, ಆಮೇಲೆ ನೋಡಿ.

ಇಷ್ಟಾದ ಮೇಲೆ ‘ಆದಿಮ್ ರಿಪು’ ಹಿಡಿಯಿರಿ. ಕಾಲ ಕಲಕತ್ತೆಯ 1946ರ ಕೋಮುಗಲಭೆಯ ನಂತರದ್ದು. ಬೀದಿಗಳಲ್ಲಿ ಸಾವಿರಾರು ಜನ ಸತ್ತ ಊರಿನಲ್ಲಿ ಒಬ್ಬನೇ ಒಬ್ಬ ಅನಾದಿ ಹಾಲದಾರನನ್ನು ಕೊಂದವರಾರೆಂದು ಬ್ಯೋಮಕೇಶ್ ಹುಡುಕುತ್ತಾನೆ.