ಕೊಡಗಿನ ‘ಸಂದೂಕ’ವೂ ಅದರ ವಾಚಕರೂ

ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಸಂಸ್ಥೆಯವರ ನೇತೃತ್ವದಲ್ಲಿ ೨೦೨೨ರಲ್ಲಿ ‘ಸಂದೂಕ’ವೆಂಬ ಜಾಲತಾಣವು ಪ್ರಕಟವಾಯಿತು. ಕೊಡವ ಸಂಸ್ಕೃತಿಯ ವಸ್ತುಸಂಗ್ರಹಾಲಯವೆಂದು ಅದು ತನ್ನನ್ನು ಕರೆದುಕೊಂಡಿದೆ, ಕಟ್ಟಡವಿಲ್ಲ, ಕಾವಲಿಲ್ಲ. ಸಂದೂಕವೆಂದರೆ ಪೆಟ್ಟಿಗೆ. ಮನೆತನದವರು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟುದನ್ನು ಲೋಕದ ಮುಂದೆ ತೆರೆದಿಡುವ ಈ ಉದ್ಯಮವು ಶ್ಲಾಘ್ಯವಾದುದೇ ಸರಿ. ಆದರೆ ತೆರೆದುದು ಯಾರ ಕಣ್ಣಿಗೆ ಎಂಬುದನ್ನು ವಿಚಾರಿಸಬೇಕಾಗಿದೆ.

ಮಡಿಕೇರಿಯ ಕೋಟೆಯೊಳಗೆ, ೧೮೫೯ರಲ್ಲಿ ಕಟ್ಟಿದ ಇಗರ್ಜಿಯಲ್ಲಿ, ಸರ್ಕಾರದ ವಸ್ತುಸಂಗ್ರಹಾಲಯವುಂಟು. ಅಲ್ಲಿ ನೋಡುವವನ ಎದುರಿಗೆ ವಿಗ್ರಹವೇ ನಿಂತಿರುತ್ತದೆ. ಚೀಟಿಯ ಬರವಣಿಗೆ ಬಡವಾದರೂ ಕಲ್ಲು ತನ್ನ ಮಾತನ್ನು ತಾನೇ ಆಡುತ್ತದೆ. ಜಾಲತಾಣದಲ್ಲಿ ಈ ಅನುಕೂಲವಿಲ್ಲ. ಅಲ್ಲಿರುವುದು ಚಿತ್ರ ಮತ್ತು ಮಾತು ಮಾತ್ರ. ಭಾರವೆಲ್ಲ ಮಾತಿನ ಮೇಲೆ ಬೀಳುತ್ತದೆ. ಆದುದರಿಂದಲೇ ಇಂತಹ ಬರವಣಿಗೆ ಸಾಹಿತ್ಯವಿಮರ್ಶೆಗೆ ವಿಷಯವಾಗತಕ್ಕದ್ದೆಂದು ನಮ್ಮ ಅಭಿಪ್ರಾಯ.

ಸಂದೂಕದ ನಿರೂಪಣೆ ಮೊದಲಾದುದು ಪ್ರಧಾನವಾಗಿ ಇಂಗ್ಲಿಷಿನಲ್ಲಿ. ದೇಶಾಂತರದಲ್ಲಿ ನೆಲಸಿರುವ ಕೊಡವ ತರುಣರಿಗೂ ವಿದೇಶದ ಪಂಡಿತರಿಗೂ ಅದು ಸುಲಭವೆಂಬುದು ನಿಜ. ಆದರೆ ೨೦೧೧ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ೫,೫೪,೫೧೯. ಇಡೀ ದೇಶದಲ್ಲಿ ಕೊಡವ ತಕ್ಕನ್ನು ತಾಯ್ನುಡಿಯೆಂದು ಬರೆಯಿಸಿದವರು ೧,೧೩,೮೫೭ ಮಂದಿ. ಆ ನಾಡಿನೊಳಗೇ ಅರೆಭಾಷೆಯವರು, ಯರವರು, ಕುರುಬರು, ಕುಡಿಯರು ಮೊದಲಾದವರಿದ್ದಾರೆ; ಇವರ ಮಕ್ಕಳಲ್ಲಿ ಬಹುಮಂದಿ ಓದು ಕಲಿಯುವುದು ಕನ್ನಡದಲ್ಲಿ. ಲಂಡನ್ನಿನವನಿಗೆ ತೆರೆದ ಪೆಟ್ಟಿಗೆ ನಾಪೋಕ್ಲಿನ ಶಾಲೆಯ ಹುಡುಗಿಗೆ ಅರ್ಧ ಮುಚ್ಚಿರುವುದು ವಿಚಿತ್ರವಲ್ಲವೆ?

ಈ ವಿಷಯದಲ್ಲಿ ಹಿಂದಿನವರು ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದ್ದಾರೆ. ಬಿ. ಎಲ್. ರೈಸರು ೧೮೮೬ರಲ್ಲಿ ಪ್ರಕಟಿಸಿದ ಕೊಡಗಿನ ಶಾಸನಸಂಪುಟವೇ ಎಪಿಗ್ರಾಫಿಯ ಕರ್ನಾಟಿಕದ ಮೊದಲನೆಯ ಸಂಪುಟ. ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ—ಇವನ್ನು ಜೊತೆಯಾಗಿ ಕೊಡುವುದು ಆ ಮಾಲೆಯ ಪದ್ಧತಿ. ಯಾವ ವಾಚಕನೂ ಬಾಗಿಲ ಹೊರಗೆ ನಿಲ್ಲಬೇಕಾಗಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ (೧೯೨೪) ಇದಕ್ಕಿಂತಲೂ ಹತ್ತಿರದ ನಿದರ್ಶನ. ಹಾಡುಗಳನ್ನು ಕೊಡವ ತಕ್ಕಿನಲ್ಲಿಯೇ ಕನ್ನಡ ಲಿಪಿಯಿಂದ ಬರೆದು, ಆಚಾರಗಳ ವಿವರಣೆಯನ್ನು ಅವರು ಕನ್ನಡದಲ್ಲಿ ಕೊಟ್ಟರು. ಅದರ ಇಂಗ್ಲಿಷ್ ಅನುವಾದವು ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ, ಚಿಣ್ಣಪ್ಪ ದಂಪತಿಗಳಿಂದ ೨೦೦೩ರಲ್ಲಿ ಹೊರಬಂದಿತು. ನೆರೆಯವನಿಗೆ ಮೊದಲು, ದೂರದವನಿಗೆ ಆಮೇಲೆ: ಈ ಕ್ರಮ ನಮಗೆ ಸರಿಯಾಗಿ ಕಾಣುತ್ತದೆ.

ಭಾಷೆಯನ್ನು ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಡಿಕತ್ತಿಯನ್ನೇ ತೆಗೆದುಕೊಳ್ಳಿ. ‘ಯುದ್ಧದ ಕತ್ತಿ’ ಎಂದರೆ ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ ವಾಚಕನಿಗೆ ತಿಳಿಯುವುದು ಅತ್ಯಲ್ಪ. ಅದನ್ನು ಬೆನ್ನ ಹಿಂದೆ ತೋಡಂಗಿನಲ್ಲಿ ಸಿಕ್ಕಿಸಿಕೊಳ್ಳುವರು. ಮದುವೆಯಲ್ಲಿ ಬಾಳೆಯ ದಿಂಡನ್ನು ಕಡಿಯುವುದು ಅದರಿಂದಲೇ. ಕೈಲ್‌ಪೊಳ್ದಿನಲ್ಲಿ ಆಯುಧಗಳ ಜೊತೆಗೆ ಅದಕ್ಕೂ ಪೂಜೆ, ಕೋವಿಗೆ ತೋಕ್‌ಪೂವಿನ ಅಲಂಕಾರ. ಕಮ್ಮಾರಿಕೆ, ಮರಗೆಲಸಗಳು ಪರಂಪರೆಯಿಂದ ಐರಿ ಜನರ ಕೈಗೆ ಸೇರಿದವು; ಅವರ ಮನೆಮಾತೂ ಕೊಡವ ತಕ್ಕೇ. ಕತ್ತಿಯನ್ನು ಧರಿಸಿದವನ ವಂಶವನ್ನು ಹೇಳಿ, ಅದನ್ನು ಬಡಿದವನ ಕುಲವನ್ನು ಬಿಟ್ಟರೆ ಆ ವಿವರಣೆ ಅರೆಯಾದೀತು. ದುಡಿಯ ಪಕ್ಕದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ.

ಕನ್ನಡದಲ್ಲಿ ವಿವರಿಸಿದರೆ ಮೊದಲೇ ಕ್ಷೀಣಿಸುತ್ತಿರುವ ಕೊಡವ ತಕ್ಕು ಮತ್ತಷ್ಟು ಮುಳುಗೀತೆಂಬ ಆಕ್ಷೇಪ ಹಗುರವಾದುದಲ್ಲ. ಯುನೆಸ್ಕೋ ಸಂಸ್ಥೆಯೂ ಅದನ್ನು ಅಳಿವಿನಂಚಿನ ಭಾಷೆಗಳಲ್ಲಿ ಎಣಿಸಿದೆ. ಇದಕ್ಕೆ ಸಮಾಧಾನ ವಸ್ತುವಿನ ಹೆಸರಿನಲ್ಲಿಯೇ ಇದೆ. ಹೆಸರು ಎಲ್ಲ ಕಡೆಯೂ ತಕ್ಕಿನಲ್ಲಿಯೇ ಮೊದಲು ನಿಲ್ಲಲಿ, ವಿವರಣೆ ಮಾತ್ರ ಅದರ ಕೆಳಗೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರಲಿ. ಎಂ. ಬಿ. ಎಮೆನೋ ಅವರು ೧೯೭೦ರಲ್ಲಿ ಕೊಡಗು ಭಾಷೆಯ ಸ್ವರಗಳನ್ನು ಕುರಿತು ಬರೆದರು. ಅವುಗಳಲ್ಲಿ ಕೆಲವಕ್ಕೆ ಕನ್ನಡ ಲಿಪಿಯಲ್ಲಿ ಅಕ್ಷರವೇ ಇಲ್ಲ. ಅಚ್ಚಿನ ಪುಸ್ತಕ ಇಲ್ಲಿ ಸೋತಿತು. ಜಾಲತಾಣಕ್ಕಾದರೋ ಆ ಹೆಸರನ್ನು ಹಿರಿಯರ ಕಂಠದಲ್ಲಿಯೇ ಕೇಳಿಸುವ ಸಾಮರ್ಥ್ಯವುಂಟು. ಪುನರ್ವಿನ್ಯಾಸಕ್ಕೆ ಕೈಹಾಕುವವರು ಬಣ್ಣ, ಚೌಕಟ್ಟುಗಳಿಗೆ ಮುಂಚೆ ಈ ಧ್ವನಿಗಳನ್ನು ಕೂಡಿಸತಕ್ಕದ್ದು.